ಗಾಳಿಗೆ ಒಡೆದ ಕಿಟಕಿ

ಹೋದ ತಿಂಗಳು ನಾಗಸಂದ್ರದಲ್ಲಿ ಮೆಟ್ರೊ ಇಳಿದು ನಮ್ಮ ರಕ್ತಪರೀಕ್ಷೆಯ ಲ್ಯಾಬಿನ ಹೊಸ ಶಾಖೆಯ ಕಡೆ ನಡೆಯುತ್ತಿದ್ದೆ. ರಸ್ತೆಯ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮುಂದೆ ವಯಸ್ಸಾದವರೊಬ್ಬರು ಹಲಗೆ ಹಾಕಿಕೊಂಡು ಕೂತು, ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹೊಯ್ದು ಪುಟ್ಟಿ ನಾದುತ್ತಿದ್ದರು. ಮರದ ಕಿಟಕಿಗೆ ಗಾಜು ಕೂರಿಸಲು ಬಳಸುವ ಹಳೆಯ ಕಾಲದ ಪುಟ್ಟಿ ಅದು. ಈಗೆಲ್ಲ ಅಲ್ಯೂಮಿನಿಯಂ ಕಿಟಕಿಗಳು ಬಂದು ಅದನ್ನು ಕೇಳುವವರೇ ಕಡಿಮೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಮುಖ ಬಿಸಿಯಾಯಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ತಲೆ ತಗ್ಗಿಸಿಕೊಂಡು ಬೇಗಬೇಗ ಅಂಗಡಿ ದಾಟಿದೆ.

ಗದಗಿನ ಕಡೆಯವರಾದ ನಮಗೆ ಅಗಸೆ ಎಂದರೆ ಊಟದ ನೆನಪಾಗಬೇಕು. ಬಿಸಿ ರೊಟ್ಟಿ, ಅಗಸಿ ಹಿಂಡಿ, ಅದರ ಮೇಲೆ ಒಂದಿಷ್ಟು ಎಣ್ಣೆ. ಅವ್ವ ಇರುವವರೆಗೂ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಹಿಂಡಿ ಖಾಲಿಯಾದದ್ದೇ ಇಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಿಂದೀಚೆಗೆ ನನಗೆ ಆ ವಾಸನೆ ಬಂದರೆ ಊಟ ನೆನಪಾಗುವುದಿಲ್ಲ. ಬೆಂಚಿನ ಮೇಲೆ ನಿಂತು, ರಸ್ತೆಗೆ ಬೆನ್ನು ಮಾಡಿ, ಕಿಟಕಿಗೆ ಪುಟ್ಟಿ ಮೆತ್ತುತ್ತಿರುವ ಅಪ್ಪ ನೆನಪಾಗುತ್ತಾನೆ.

ಆ ವರ್ಷ ಯುಗಾದಿ ಕಳೆದ ಮೇಲೆ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಗಂಡನ ಮನೆ ಆರ್.ಟಿ. ನಗರದಲ್ಲಿ, ಅಪ್ಪನದು ವಿದ್ಯಾರಣ್ಯಪುರ ದಾಟಿ ಸಿಂಗಾಪುರದ ಲೇಔಟಿನಲ್ಲಿ. ನಡುವೆ ಹೆಬ್ಬಾಳದ ಟ್ರಾಫಿಕ್ಕು ಒಂದನ್ನು ಬಿಟ್ಟರೆ ಅಂಥ ದೂರವೇನಲ್ಲ. ಅಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತನಾದವನು. ಸುತ್ತ ಇನ್ನೂ ರಾಗಿ ಹೊಲಗಳಿದ್ದಾಗ ಸೈಟು ಕೊಂಡು, ಸ್ವಲ್ಪ ಸ್ವಲ್ಪವೇ ಕಟ್ಟಿಸಿದ ಮನೆ ಅದು. ನಾನು ಏರ್‌ಬ್ಯಾಗು ಹಿಡಿದು ಗೇಟಿನ ಮುಂದೆ ನಿಂತಾಗ ಅವನು ಬ್ಯಾಗು ನೋಡಿದ, ನನ್ನ ಎಡಗೈಯ ಮಣಿಕಟ್ಟು ಬಾತುಕೊಂಡಿದ್ದನ್ನು ನೋಡಿದ, ಊಟ ಆಯಿತೇ ಎಂದು ಕೇಳಿದ. ಎಷ್ಟು ದಿನಕ್ಕೆ ಬಂದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನನ್ನ ಗಂಡ ಮೋಹನನನ್ನು ಹೊರಗೆ ನೋಡಿದವರು ಕೆಟ್ಟವನೆಂದು ಹೇಳುವಂತಿರಲಿಲ್ಲ. ಇನ್ಷೂರೆನ್ಸ್ ಕೆಲಸ, ಇಸ್ತ್ರಿ ಮಾಡಿದ ಶರ್ಟು, ಮೆಲುದನಿ. ಕುಡಿತವಿಲ್ಲ, ಸಿಗರೇಟಿಲ್ಲ. ಮನೆಯ ಬಾಗಿಲು ಹಾಕಿದ ಮೇಲೆ ಮಾತ್ರ ಅವನು ಬೇರೆ ಮನುಷ್ಯ. ಅಪ್ಪನನ್ನು ನಾನು ಮಾತು ಕಲಿತಾಗಿನಿಂದ ‘ನೀ’ ಎಂದೇ ಕರೆದವಳು. ಮೋಹನನನ್ನು ಮಾತ್ರ ಒಳಗೂ ಹೊರಗೂ ‘ಅವರು’ ಎನ್ನುತ್ತಿದ್ದೆ. ಕೈ ತಿರುಚಿದ ಮರುದಿನವೂ ಯಲಹಂಕದ ಲ್ಯಾಬಿನಲ್ಲಿ ಜೊತೆಯವರು ಕೇಳಿದಾಗ, ಅವರಿಗೆ ಸ್ವಲ್ಪ ಕೋಪ ಜಾಸ್ತಿ ಎಂದಷ್ಟೇ ಹೇಳಿ, ಆ ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮೇ ತಿಂಗಳ ಒಂದು ಸಂಜೆ ಅವನು ಬಂದ. ಆಕಾಶ ಕಪ್ಪಾಗಿತ್ತು, ಧೂಳು ಎದ್ದಿತ್ತು. ಅಪ್ಪ ಸಾಮಾನು ತರಲು ಅಂಗಡಿಗೆ ಹೋಗಿದ್ದ. ಮೋಹನ ಬೈಕು ನಿಲ್ಲಿಸಿ ಗೇಟಿನ ಹೊರಗಿನಿಂದಲೇ, “ಶೈಲಾ, ಹೊರಗಡೆ ಬಾ, ಮಾತಾಡ್ಬೇಕು” ಎಂದ. ನಾನು ಬಾಗಿಲಿನ ಚಿಲಕ ಹಾಕಿ, ಮುಂದಿನ ಕೋಣೆಯ ಕಿಟಕಿಯನ್ನೂ ಮುಚ್ಚಿದೆ. ಅವನು ಇನ್ನೆರಡು ಸಲ ಅದೇ ದನಿಯಲ್ಲಿ ಕರೆದ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಇಟ್ಟಿಗೆ ರಾಶಿ ರಸ್ತೆಗೇ ಚಾಚಿತ್ತು. ಅಲ್ಲಿಂದ ಒಂದು ತುಂಡು ಎತ್ತಿ ಬೀಸಿದ. ಇಟ್ಟಿಗೆ ಒಳಗಿನ ಸರಳಿಗೆ ಬಡಿದು ಹೊರಗೇ ಬಿತ್ತು. ಗಾಜು ಮಾತ್ರ ಒಳಗೆ ಸುರಿಯಿತು. ಅವನು ಬೈಕು ತಿರುಗಿಸಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು.

ಅಪ್ಪ ನೆನೆದುಕೊಂಡು ಬಂದಾಗ ನೀರು ದಿವಾನದವರೆಗೂ ಹರಿದಿತ್ತು. ಅವನು ಅಂಗಳಕ್ಕೆ ಇಳಿದು ಇಟ್ಟಿಗೆಯ ತುಂಡನ್ನು ಎತ್ತಿ, ಸಂಪಿನ ಹಿಂದೆ ಯಾರಿಗೂ ಕಾಣದ ಹಾಗೆ ಇಟ್ಟು ಬಂದ. ಆಮೇಲೆ ತಲೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದ:

“ಯಾರರ ಕೇಳಿದ್ರ, ಗಾಳಿಗೆ ಬಡದು ಒಡೀತು ಅನ್ನು.”

ಕೇಳುವವರು ಇದ್ದೇ ಇದ್ದರು. ಎದುರು ಮನೆಯ ಜಯಮ್ಮ ಸಿಂಗಾಪುರದ ಹಳೆಯ ಒಕ್ಕಲು ಮನೆತನದವರು. ನಮ್ಮ ಮನೆ ನಿಂತಿರುವ ಜಾಗವೇ ಒಂದು ಕಾಲಕ್ಕೆ ಅವರ ಮಾವನ ಹೊಲ. ಭೂಮಿ ಹೋಗಿ ಮೂರಂತಸ್ತಿನ ಮನೆ ಎದ್ದರೂ ಹಿತ್ತಲಿನಲ್ಲಿ ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ಅಪ್ಪ ದಿನವೂ ಬೆಳಗ್ಗೆ ಚೊಂಬು ಹಿಡಿದು ಅವರಲ್ಲಿಗೇ ಹಾಲಿಗೆ ಹೋಗುತ್ತಿದ್ದ. ಮರುದಿನ ಅವರು ಕಿಟಕಿಯ ವಿಷಯ ಎತ್ತಿದರಂತೆ. ಅಪ್ಪ ಗಾಳಿಯ ಕಥೆ ಹೇಳಿದನಂತೆ. ಹೌದು, ನಿನ್ನೆ ಗಾಳಿ ಬಲವಾಗಿತ್ತು ಎಂದು ಅವರೂ ಒಪ್ಪಿಕೊಂಡರಂತೆ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಒಂದು ಗಂಡಾಂತರ ಕಳೆದ ಸಮಾಧಾನ ಕಂಡಿತು.

ಅವತ್ತೇ ಮೋಹನನ ಫೋನು ಬಂತು, ನನಗಲ್ಲ, ಅಪ್ಪನಿಗೆ. ತಪ್ಪಾಯಿತು ಮಾವ, ಯಾವುದೋ ಟೆನ್ಷನ್ನಿನಲ್ಲಿದ್ದೆ, ಗಾಜು ನಾನೇ ಹಾಕಿಸಿಕೊಡುತ್ತೇನೆ ಎಂದನಂತೆ. ಅಪ್ಪ ಫೋನಿನಲ್ಲಿ, “ಇರಲಿ ಬಿಡ್ರಿ, ಆಗ್ತಾವ ಇಂಥಾವು” ಎನ್ನುವುದು ಅಡುಗೆಮನೆಗೆ ಕೇಳಿಸಿತು. ನಾನು ಒಲೆಯ ಮುಂದೆ ನಿಂತಿದ್ದೆ. ಯಾವುದು ಆಗುತ್ತದೆ, ಯಾರಿಗೆ ಆಗುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ತಿರುಚಿದ ಕೈಯನ್ನು ತೋರಿಸಲು ಆಗದ ನನಗೆ ಅಪ್ಪನ ಬಾಯಿ ಹಿಡಿಯುವ ಧೈರ್ಯ ಎಲ್ಲಿಂದ ಬರಬೇಕು.

ಮುಖ್ಯರಸ್ತೆಯ ಗಾಜಿನ ಅಂಗಡಿಯವನು ಅಳತೆ ತೆಗೆದುಕೊಂಡು, ಕೂರಿಸಲು ಆಳು ಕಳಿಸುತ್ತೇನೆ ಎಂದಿದ್ದ. ಆಳು ಬಂದರೆ ಒಡೆದದ್ದು ಹೇಗೆ ಎಂದು ಕೇಳುತ್ತಾನೆ, ಸರಳಿನ ಮೇಲಿನ ಇಟ್ಟಿಗೆಯ ಗುರುತು ನೋಡುತ್ತಾನೆ. ಅಪ್ಪ ಬೇಡವೆಂದು ಬರೀ ಗಾಜು, ಪುಟ್ಟಿ ತಂದ. ಜೀವನವಿಡೀ ಪೆನ್ನು ಹಿಡಿದ ಕೈ ಅದು. ಹಳೆಯ ಪುಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಕೆರೆಯಲು ಹೋಗಿ ಹೆಬ್ಬೆರಳು ಸೀಳಿಕೊಂಡ. ಪುಟ್ಟಿಯನ್ನು ಕಿಟಕಿಯ ಹೊರಗಿನಿಂದಲೇ ಮೆತ್ತಬೇಕು. ಹೊರಗೆ ನಿಂತರೆ ರಸ್ತೆಯವರಿಗೆ ಕಾಣುತ್ತದೆ. ಅದಕ್ಕೇ ವಾಕಿಂಗಿನವರು ಹೊರಡುವ ಮೊದಲೇ, ಇನ್ನೂ ಸರಿಯಾಗಿ ಬೆಳಕು ಹರಿಯದಿರುವಾಗ ಬೆಂಚು ಹಾಕಿಕೊಂಡು ನಿಂತ. ಒಳಗಿನಿಂದ ಗಾಜನ್ನು ಒತ್ತಿ ಹಿಡಿಯುವ ಕೆಲಸ ನನ್ನದು. ಗಾಜಿನ ಆಚೆ ಅವನ ಮುಖ ನನಗೆ ಅಷ್ಟು ಹತ್ತಿರ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮುಗಿದ ಮೇಲೆ ನೋಡಿದರೆ ಪುಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎಲ್ಲ ಕಡೆ ಬೆರಳಿನ ಗುರುತು.

ಜೂನ್ ಕಳೆದು ಆಷಾಢ ಹಿಡಿಯಿತು. ಬೆಂಗಳೂರಿನ ಆಷಾಢದಲ್ಲಿ ಮಳೆ ಸಣ್ಣದು, ಗಾಳಿ ದೊಡ್ಡದು. ಒಣಹಾಕಿದ ಬಟ್ಟೆ ಪಕ್ಕದ ಮನೆಯ ಟೆರೇಸಿನಲ್ಲಿ ಸಿಗುವ ದಿನಗಳು. ಒಂದು ಮಧ್ಯಾಹ್ನ ಲ್ಯಾಬಿನಿಂದ ಬಂದಾಗ ಕಿಟಕಿಯ ಎರಡೂ ರೆಕ್ಕೆಗಳ ಗಾಜು ಹೋಗಿತ್ತು. ಊಟ ಮಾಡಿ ಮಲಗಿದ್ದ ಅಪ್ಪ ಸದ್ದಿಗೆ ಎದ್ದು ಬರುವಷ್ಟರಲ್ಲಿ ಮೋಹನ ತಿರುವು ದಾಟಿದ್ದನಂತೆ. ಎದುರು ಮನೆಯ ಜಗಲಿಯಲ್ಲಿ ಜಯಮ್ಮ ನಿಂತಿದ್ದರು. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, ಒಳಗೆ ಹೋದರು. ಅವರು ಒಳಗೆ ಹೋದದ್ದು ನನ್ನ ಮೇಲಿನ ಕರುಣೆಯಿಂದ ಎಂದು ತಿಳಿಯಿತು. ಬೈದಿದ್ದರೂ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಅದೇ ಅಂಗಡಿಗೆ ಮತ್ತೆ ಹೋಗುವುದು ಅಪ್ಪನಿಗೆ ಆಗಲಿಲ್ಲ. ಇನ್ನೆಲ್ಲಿಂದಾದರೂ ಗಾಜು ತರುವವರೆಗೆ ಎಂದು ಎಲ್ಲಿಂದಲೋ ಹಳೆಯ ಫ್ಲೆಕ್ಸು ತಂದು ಕಿಟಕಿಗೆ ಕಟ್ಟಿದ. ಬಿಳಿಯ ಬೆನ್ನು ರಸ್ತೆಗೆ. ಮುಂಭಾಗ ನಮ್ಮ ಕಡೆಗೆ. ಅದರಲ್ಲಿ ಯಾರೋ ಮುಖಂಡರು ಕೈ ಮುಗಿದು, ನಗುತ್ತ, ನಾಡಿನ ಸಮಸ್ತ ಜನತೆಗೆ ಹಬ್ಬದ ಶುಭಾಶಯ ಕೋರುತ್ತಿದ್ದರು. ಗಾಳಿ ಬಂದಾಗ ಅವರ ಹೊಟ್ಟೆ ಉಬ್ಬುತ್ತಿತ್ತು, ನಿಂತಾಗ ಇಳಿಯುತ್ತಿತ್ತು. ಒಂದು ದಿನ ತಟ್ಟೆ ಮುಂದಿಟ್ಟುಕೊಂಡು ಅಪ್ಪ, “ಊಟಕ್ಕ ಬರ್ರಿ ಸಾಹೇಬ್ರ” ಎಂದ. ಇಬ್ಬರೂ ಜೋರಾಗಿ ನಕ್ಕೆವು. ಗಾಜಿಲ್ಲದ ಕಿಟಕಿ, ನಗು ರಸ್ತೆಗೆ ಕೇಳಿಸುತ್ತದೆ ಎಂದು ಹೊಳೆದು ತಕ್ಷಣ ನಿಲ್ಲಿಸಿದೆವು. ಇಂಥ ಮನೆಯವರು ನಗುವುದೂ ಸರಿಯಲ್ಲ ಎಂದು ನಮಗೆ ನಾವೇ ತೀರ್ಮಾನ ಮಾಡಿಕೊಂಡಂತಿತ್ತು.

ಗಾಜು ತರಲು ಅವನು ಕೊನೆಗೆ ಯಶವಂತಪುರಕ್ಕೆ ಹೋದ. ಅಲ್ಲಿ ಅವನನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಗಾಜುಗಳನ್ನು ಪೇಪರಿನಲ್ಲಿ, ಮೇಲೆ ಹಳೆಯ ದುಪ್ಪಟಿಯಲ್ಲಿ ಸುತ್ತಿ ಬಸ್ಸು ಹತ್ತಿದ್ದಾನೆ. ರಷ್ಷು ಹೆಚ್ಚಾದಂತೆ ಕಂಡಕ್ಟರು, ಯಾರಿಗಾದರೂ ಚುಚ್ಚಿದರೆ ಜವಾಬ್ದಾರಿ ಯಾರದು ಯಜಮಾನ್ರೇ ಎಂದು ಗಂಗಮ್ಮ ಸರ್ಕಲ್ಲಿನಲ್ಲಿ ಇಳಿಸಿದ್ದಾನೆ. ಅವನು ಹೇಳಿದ್ದೂ ನ್ಯಾಯವೇ. ಆಟೋ ಸಿಕ್ಕಿಲ್ಲ. ಅಲ್ಲಿಂದ ಸಿಂಗಾಪುರದವರೆಗೆ, ಜಿಟಿಜಿಟಿ ಮಳೆಯಲ್ಲಿ, ಗಾಜನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ನಡೆದು ಬಂದ. ಗೇಟಿನ ಹತ್ತಿರ ನಿಂತು ಕಾಯುತ್ತಿದ್ದ ನನಗೆ ತಿರುವಿನಲ್ಲಿ ಮೊದಲು ಕಂಡದ್ದು ಆ ಒದ್ದೆ ದುಪ್ಪಟಿ, ಅದರ ಮೇಲೆ ಅಪ್ಪನ ಗಡ್ಡ. ಅವನ ಕನ್ನಡಕದ ತುಂಬ ನೀರು. ದಾರಿ ಕಾಣದೆ ಒಂದೊಂದೇ ಹೆಜ್ಜೆ ಇಡುತ್ತಿದ್ದ.

ಅವತ್ತು ಮೋಹನ ನನಗೆ ಫೋನು ಮಾಡಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಪಾಪ ಮಾವ. ಈ ವಯಸ್ಸಲ್ಲಿ ಎಷ್ಟು ಸಲ ಅಂತ ಗ್ಲಾಸ್ ಹಾಕ್ತಾರೆ? ನೀನು ಬಂದ್ಬಿಟ್ರೆ ಎಲ್ಲ ಸರಿಹೋಗುತ್ತೆ.”

ನಾನು ಬ್ಯಾಗು ತುಂಬಿದೆ. ಅಪ್ಪ ಟವೆಲ್ಲು ಹೊದ್ದು ದಿವಾನದ ಮೇಲೆ ಕೂತಿದ್ದ; ಸೀನು, ಕೆಮ್ಮು. ನಾನು ಹೊಂಟ ಹೋಗ್ತೀನಪ್ಪಾ ಎಂದೆ. ಬೇಡ ಅನ್ನುತ್ತಾನೆ ಎಂದುಕೊಂಡಿದ್ದೆ. ಅವನು ನೆಲ ನೋಡುತ್ತ, “ನಿನ್ನ ಮನಸ್ಸವ್ವಾ” ಎಂದ.

ಆ ಎರಡು ಶಬ್ದ ಕೇಳಿ ನನಗೆ ಅಲ್ಲೇ ಇಂಗಿಹೋಗಬೇಕು ಎನಿಸಿತು. ನನ್ನಿಂದ ಅವನು ಸುಳ್ಳುಗಾರನಾಗಿದ್ದ, ಮಳೆಯಲ್ಲಿ ನೆನೆದಿದ್ದ, ಬಸ್ಸಿನಿಂದ ಇಳಿಸಲ್ಪಟ್ಟಿದ್ದ. ನಾನು ಹೊರಟರೆ ಅವನ ಕಿಟಕಿಯಲ್ಲಿ ಗಾಜು ಉಳಿಯುತ್ತದೆ, ಅವನಿಗೆ ತಲೆಯೆತ್ತಿ ಓಡಾಡುವಂತಾಗುತ್ತದೆ. ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಮಳೆ ನಿಲ್ಲಲೆಂದು ಕುರ್ಚಿಯಲ್ಲಿ ಕೂತೆ. ಮಳೆ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಅಪ್ಪನ ಮೈ ಸುಡತೊಡಗಿತು. ಜ್ವರಕ್ಕೆ ಗಂಜಿ ಕಾಸಲು ಎದ್ದೆ. ಹಾಗೆ ಎದ್ದವಳು ಆಮೇಲೆ ಬ್ಯಾಗು ಮುಟ್ಟಲಿಲ್ಲ. ನಾನು ಉಳಿದದ್ದು ಧೈರ್ಯದಿಂದ ಎಂದು ಆಮೇಲೆ ಕೆಲವರು ಹೇಳಿದ್ದುಂಟು. ಉಳಿದದ್ದು ಅಪ್ಪನ ಜ್ವರದಿಂದ.

ಶ್ರಾವಣ ಬಂತು. ಲೇಔಟಿನ ಮನೆಗಳಲ್ಲಿ ಲಕ್ಷ್ಮಿ ಕೂರಿಸಿ, ಅರಿಶಿನ ಕುಂಕುಮಕ್ಕೆ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ನನ್ನನ್ನೂ ಕರೆದಿದ್ದರು. ನಾನು ತಲೆನೋವೆಂದು ಹೇಳಿ ಒಳಗೇ ಇದ್ದೆ. ಜ್ವರದಿಂದ ಎದ್ದ ಅಪ್ಪನಿಗೆ ಇನ್ನೂ ನಿಶ್ಶಕ್ತಿ. ಗಾಜು ಮಂಚದ ಕೆಳಗೇ ಇತ್ತು, ಕಿಟಕಿಯಲ್ಲಿ ಮುಖಂಡರೇ ಇದ್ದರು. ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಜಯಮ್ಮ, ಕೈಯಲ್ಲಿ ತಾಂಬೂಲದ ತಟ್ಟೆ. ನೀನು ಬರಲಿಲ್ಲ, ನಾನೇ ಬಂದೆ ಎಂದು ಒಳಗೆ ಬಂದು ಕೂತರು. ನನಗೆ ಕುಂಕುಮ ಇಟ್ಟರು. ಆಮೇಲೆ ಫ್ಲೆಕ್ಸಿನ ಕಡೆ ತಿರುಗಿ ನೋಡಿ, ಮೆಲ್ಲಗೆ ಹೇಳಿದರು:

“ಆಷಾಡ್ದಾಗೆ ಎಲ್ರ ಮನೆಗೂ ಗಾಳಿ ಬೀಸ್ತದೆ ಕಣಮ್ಮ. ನಿಮ್ಮನೆ ಗಾಜು ಮಾತ್ರ ಒಡೀತದೆ.”

ತಾವು ಎರಡು ಸಲವೂ ಜಗಲಿಯಿಂದ ನೋಡಿದ್ದಾಗಿ ಅವರು ಹೇಳಿದರು. ಕೂಗಬೇಕು ಅನ್ನಿಸಿತ್ತಂತೆ. ಆದರೆ ಕೂಗಿದರೆ ನಮಗೇ ಅವಮಾನ ಎಂದು ಬಿಟ್ಟರಂತೆ. “ನೀವು ಏಳ್ಲಿಲ್ಲ ಅಂತ ನಾನೂ ಏಳ್ಲಿಲ್ಲ. ಇಂಗೆ ಇಬ್ರೂ ಸುಮ್ನಿದ್ರೆ ಅವನ್ಗೆ ಒಳ್ಳೇದಾಯ್ತಲ್ಲ.”

ಒಳಕೋಣೆಯಲ್ಲಿದ್ದ ಅಪ್ಪನಿಗೆ ಎಲ್ಲವೂ ಕೇಳಿಸಿತ್ತು. ಅವರು ಹೋದ ಮೇಲೂ ಅವನು ಹೊರಗೆ ಬರಲಿಲ್ಲ. ಮರುದಿನದಿಂದ ಚೊಂಬು ಹಿಡಿದು ಎದುರು ಮನೆಗೆ ಹೋಗುವುದನ್ನು ಬಿಟ್ಟ. ಇನ್ನೂ ಕಾಲಲ್ಲಿ ಬಲ ಬಾರದಿದ್ದರೂ ಹಿಂದಿನ ರಸ್ತೆಯಿಂದ ಸುತ್ತಿ ಹೋಗಿ ಪ್ಯಾಕೆಟ್ ಹಾಲು ತರತೊಡಗಿದ. ಅಷ್ಟು ವರ್ಷ ಆ ಮನೆಯ ಹಾಲು ಕುಡಿದಿದ್ದೆವು. ಬೂತಿನ ಹಾಲಿನ ಚಹಾ ಕುಡಿಯುತ್ತ, ನಾಚಿಕೆಗೆ ಇಂಥ ರುಚಿಯೂ ಇರುತ್ತದೆ ಎಂದು ತಿಳಿಯಿತು.

ಒಂದು ಭಾನುವಾರ ನಸುಕಿನಲ್ಲಿ ಅಪ್ಪ ಕೊನೆಗೂ ಗಾಜು ಕೂರಿಸಿದ. ಬೆಳಗಿನ ತಿಂಡಿಯಾದ ಮೇಲೆ ಒಳಗಿನಿಂದ ಪೇಪರ್ ಉಂಡೆ ಮಾಡಿಕೊಂಡು ಉಜ್ಜುತ್ತಿದ್ದ. ಬಿಸಿಲು ಬಿದ್ದಿತ್ತು, ಕೋಣೆಗೆ ಬಹಳ ದಿನಗಳ ಮೇಲೆ ಬೆಳಕು ಬಂದಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಬೈಕಿನ ಸದ್ದು ಕೇಳಿಸಿತು, ಅದರ ಹಿಂದೆಯೇ ಗಾಜಿನ ಸದ್ದು. ಈ ಸಲ ಅವನು ನನ್ನನ್ನು ಕರೆಯಲೂ ಇಲ್ಲ.

ಮುಂದಿನ ಕೋಣೆಗೆ ಬಂದರೆ ಅಪ್ಪ ಎರಡೂ ಕೈಯಿಂದ ಮುಖ ಹಿಡಿದುಕೊಂಡು ನಿಂತಿದ್ದ. ಹುಬ್ಬಿನ ಮೇಲೆ ಗಾಜು ಸೀಳಿತ್ತು. ರಕ್ತ ಕಣ್ಣಿಗೆ, ಗಡ್ಡಕ್ಕೆ ಇಳಿಯುತ್ತಿತ್ತು. ದಿನವಿಡೀ ಕಂಡವರ ರಕ್ತ ತೆಗೆಯುವ ಕೆಲಸ ನನ್ನದು. ಅವತ್ತು ಹತ್ತಿ ಎಲ್ಲಿದೆ ಎಂದೇ ಮರೆತುಹೋಯಿತು. ಟವೆಲ್ಲನ್ನು ಅವನ ಹಣೆಗೆ ಒತ್ತಿ, ಹಿಡಕೋ ಎಂದು ಹೇಳಿ, ಚಪ್ಪಲಿಯೂ ಇಲ್ಲದೆ ಗೇಟು ತೆರೆದು ರಸ್ತೆಗೆ ಇಳಿದೆ. ಯಾಕೆ ಇಳಿದೆ, ಇಳಿದು ಏನು ಮಾಡುತ್ತೇನೆ ಎಂದು ನನಗೇ ತಿಳಿದಿರಲಿಲ್ಲ.

ಅಷ್ಟರಲ್ಲಿ ಜಯಮ್ಮ ರಸ್ತೆ ದಾಟಿ ಬಂದು ಬೈಕಿಗೆ ಅಡ್ಡವಾಗಿ ನಿಂತಿದ್ದರು. ಅಕ್ಕಪಕ್ಕದ ಗೇಟುಗಳಲ್ಲಿ ಒಬ್ಬೊಬ್ಬರೇ ಕಾಣಿಸಿಕೊಂಡರು. ಮೋಹನ ಅವರನ್ನೆಲ್ಲ ಒಂದು ಸಲ ನೋಡಿದ. ನೋಡನೋಡುತ್ತ ಅವನ ಮುಖ ಆಫೀಸಿನ ಮುಖವಾಯಿತು.

“ಏನಿಲ್ಲ ಅಮ್ಮ, ನಮ್ಮ ಫ್ಯಾಮಿಲಿ ವಿಷಯ. ನೀವು ತಲೆ ಕೆಡಿಸ್ಕೋಬೇಡಿ.”

ಜಯಮ್ಮ ನನ್ನ ಕಡೆ ತಿರುಗಿ ಕೇಳಿದರು: “ಇವ್ರು ಯಾರಮ್ಮ?”

ಅವರಿಗೆ ಗೊತ್ತಿಲ್ಲದೆ ಏನು. ನನ್ನ ಮದುವೆಯಲ್ಲಿ ಊಟ ಮಾಡಿ, ಇದೇ ಮೋಹನನ ಕೈಯಿಂದ ತಾಂಬೂಲ ತೆಗೆದುಕೊಂಡು ಹರಸಿದವರು. ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದರು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು. ರಕ್ತದ ಟವೆಲ್ಲು ಹಣೆಗೆ ಒತ್ತಿಕೊಂಡು ಗೇಟಿನವರೆಗೆ ಬಂದಿದ್ದ.

“ಏನಿಲ್ರೀ ಜಯಮ್ಮಾರ... ಗಾಳಿಗೆ... ಕಿಟಕಿ ಬಡದು...”

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಎದುರಿನ ಟೆರೇಸಿನಲ್ಲಿ ಒಣಹಾಕಿದ ಸೀರೆಗಳು ನೆಟ್ಟಗೆ ಜೋತಿದ್ದವು. ಅಲ್ಲಿದ್ದ ಎಲ್ಲರೂ ಅಪ್ಪನ ಸುಳ್ಳನ್ನು ಕೇಳಿದರು. ಒಬ್ಬರು ತಲೆ ಕೆಳಗೆ ಹಾಕಿದರು. ಅಪ್ಪನಿಗಾಗಿ ನಾನು ಪಟ್ಟ ನಾಚಿಕೆಗಳಲ್ಲೆಲ್ಲ ಅದೇ ದೊಡ್ಡದು.

“ಗಾಳಿ ಅಲ್ಲ,” ಎಂದೆ. ದನಿ ಒಡೆದು ತೆಳ್ಳಗೆ ಬಂತು. “ಇವ್ನು ನನ್ನ ಗಂಡ. ಎಲ್ಲಾ ಸಲನೂ ಒಡ್ದಿದ್ದು ಇವ್ನೇ.”

ಮೋಹನ ನನ್ನ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, “ಮರ್ಯಾದೆ ಕೊಟ್ಟು ಮಾತಾಡು” ಎಂದ. ಅಪ್ಪನ ಗಡ್ಡದಿಂದ ರಕ್ತ ಇಳಿಯುತ್ತಿದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ. ನಾನು ‘ಇವ್ನು’ ಎಂದದ್ದು ಕಿವಿಗೆ ಬಿದ್ದಿತ್ತು. ಜಯಮ್ಮ ಕೈ ಚಾಚಿ, ಬೈಕಿನ ಕೀ ಕಿತ್ತುಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿದರು.

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗಾಗಲಿಲ್ಲ. ಬರಿಗಾಲಿನಲ್ಲಿ, ಮನೆಯ ನೈಟಿಯಲ್ಲಿ, ಅಷ್ಟು ಜನರ ನಡುವೆ ನಿಂತು, ಮೈಮೇಲೆ ಬಟ್ಟೆಯೇ ಇಲ್ಲದಂತೆ ಅನ್ನಿಸಿತು. ಯಾರೋ ಒಬ್ಬರು ಅಪ್ಪನಿಗೆ ಹೊಲಿಗೆ ಹಾಕಿಸಬೇಕೆಂದು ಕಾರು ತಂದರು. ಇನ್ನೊಬ್ಬರು ಪೊಲೀಸರಿಗೆ ಫೋನು ಮಾಡಿದರು.

ಮಧ್ಯಾಹ್ನ ಸ್ಟೇಷನ್ನಿನ ಬೆಂಚಿನ ಮೇಲೆ ಅಪ್ಪ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ. ಒಳಗೆ ಬಂದು ಹೋಗುವವರಿಗೆ ಮುಖ ಕಾಣದ ಹಾಗೆ ಗೋಡೆಯ ಕಡೆ ತಿರುಗಿಕೊಂಡಿದ್ದ. ಎದುರಿಗೆ ಮೋಹನ ಶರ್ಟಿನ ತೋಳು ಮಡಿಸಿಕೊಂಡು, ಸರ್ ಸರ್ ಎಂದು ವಿನಯವಾಗಿ ಮಾತಾಡುತ್ತಿದ್ದ. ನೋಡಿದವರಿಗೆ ದೂರು ಕೊಡಲು ಬಂದವನು ಅವನು, ಸಿಕ್ಕಿಬಿದ್ದವರು ನಾವು ಎನಿಸುವಂತಿತ್ತು. ಜಯಮ್ಮ ಕುರ್ಚಿಯ ಅಂಚಿನಲ್ಲಿ ಕೂತು ತಾವು ನೋಡಿದ್ದನ್ನೆಲ್ಲ ಹೇಳಿದರು. ಮಹಿಳಾ ಕಾನ್‌ಸ್ಟೆಬಲ್ ಅಪ್ಪನ ಕಡೆ ತಿರುಗಿ, ಇದೇ ಮೊದಲ ಸಲವೇ ಎಂದು ಕೇಳಿದರು. ಅವನು ಗೋಡೆಯನ್ನೇ ನೋಡುತ್ತಿದ್ದ. ಅವರು ಮತ್ತೆ ಕೇಳಿದರು.

“ಅಲ್ರೀ,” ಎಂದ ಅಪ್ಪ. “ಮೊದಲ ನನ್ನ ಮಗಳ ಕೈ ಮುರಿಯಾಕ ನೋಡಿದ್ದ. ಕಿಟಕಿ ಆಮ್ಯಾಲ.”

ನಾನು ಬಂದ ದಿನ ಗೇಟಿನಲ್ಲಿ ಅವನು ನೋಡಿದ್ದನ್ನು ಅಲ್ಲಿಯವರೆಗೆ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ನಾನು ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ದೂರು ದಾಖಲಾಯಿತು. ಮೋಹನ ನಮ್ಮ ರಸ್ತೆಗೆ ಮತ್ತೆ ಬರಲಿಲ್ಲ. ಕೋರ್ಟಿನ ಕೆಲಸ ಎಳೆಯುವಷ್ಟು ಎಳೆದು ಮುಗಿಯಿತು. ಅವೆಲ್ಲ ಆಮೇಲಿನ ಮಾತು. ಅವತ್ತಿಗೆ ನಮ್ಮೆದುರು ಇದ್ದದ್ದು ಮತ್ತೆ ಗಾಜಿಲ್ಲದ ಕಿಟಕಿ.

ಗಣೇಶನ ಹಬ್ಬಕ್ಕೆ ಇನ್ನು ಸ್ವಲ್ಪ ದಿನವಿತ್ತು. ಅಪ್ಪ ಮುಖ್ಯರಸ್ತೆಯ ಹಳೆಯ ಅಂಗಡಿಗೇ ಹೋಗಿ ಗಾಜು ತಂದ. ಆಳು ಕರೆಸೋಣ ಎಂದೆ. ಬೇಡ, ಈಗ ಕೈ ಕೂತಿದೆ ಎಂದ. ಆ ಸಲ ನಸುಕಿಗೆ ಏಳಲಿಲ್ಲ. ತಿಂಡಿ ತಿಂದು, ಬಿಸಿಲೇರಿದ ಮೇಲೆ, ರಸ್ತೆಯಲ್ಲಿ ಜನ ಓಡಾಡುವ ಹೊತ್ತಿನಲ್ಲಿ ಬೆಂಚು ಹೊರಗೆ ಹಾಕಿದ. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಈ ಸಲ ನಾನೂ ಹೊರಗೇ ನಿಂತೆ, ಪುಟ್ಟಿಯ ಉಂಡೆ ಮಾಡಿ ಕೊಡಲು. ವಾಕಿಂಗ್ ಮುಗಿಸಿ ತರಕಾರಿ ಹಿಡಿದು ಬರುತ್ತಿದ್ದ ಹಿಂದಿನ ರಸ್ತೆಯ ಒಬ್ಬ ರಿಟೈರ್ಡ್ ಮೇಷ್ಟ್ರು ನಿಂತು, ಗಾಜು ಹೇಗೆ ಒಡೆಯಿತು ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ. ಅಪ್ಪನ ಕೈ ಗಾಜಿನ ಅಂಚಿನಲ್ಲಿ ನಿಂತಿತು.

“ನಮ್ಮ ಅಳಿಯ ಕಲ್ಲು ಒಗದಾನ್ರೀ,” ಎಂದ.

ಮೇಷ್ಟ್ರು ಛೇ ಎಂದರು, ತರಕಾರಿ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು, ಬರುತ್ತೇನೆ ಎಂದು ಹೋದರು. ಅಪ್ಪ ಮತ್ತೆ ಪುಟ್ಟಿ ಒತ್ತತೊಡಗಿದ. ಅವನ ಕಿವಿ ಎರಡೂ ಕೆಂಪಗಾಗಿದ್ದವು. ನನ್ನವೂ ಆಗಿದ್ದಿರಬೇಕು. ಸ್ವಲ್ಪ ಹೊತ್ತಾದ ಮೇಲೆ, ಕೆಲಸ ನಿಲ್ಲಿಸದೆ, ನನ್ನ ಕಡೆ ತಿರುಗದೆ, ಮಾತಾಡಿದ.

“ಗಾಳಿ ಗಾಳಿ ಅಂದೆ. ಅವನ ಕಲ್ಲು ಮುಚ್ಚಿಡಾಕ ಅಲ್ಲವ್ವಾ. ನೀ ಬಿಟ್ಟು ಬಂದಿದ್ದು ಮುಚ್ಚಿಡಾಕ ಅಂದೆ.”

“ಗೊತ್ತಿತ್ತಪ್ಪಾ,” ಎಂದೆ.

ನಿಜವಾಗಿಯೂ ಗೊತ್ತಿತ್ತು. ಅವನು ಬಚ್ಚಿಡುತ್ತಿದ್ದದ್ದು ನನ್ನನ್ನು. ನಾನೂ ಅದಕ್ಕೆ ಒಪ್ಪಿ, ಒಳ್ಳೆಯ ಮಗಳ ಹಾಗೆ ಬಚ್ಚಿಟ್ಟುಕೊಂಡು ಕೂತಿದ್ದೆ. ಅವನು ಕ್ಷಮೆಯ ಮಾತು ಆಡಲಿಲ್ಲ. ಆಡಿದ್ದರೆ ನನಗೆ ತಡೆಯಲು ಆಗುತ್ತಿರಲಿಲ್ಲ. ಕೊನೆಯ ಮೂಲೆಯನ್ನು ಹೆಬ್ಬೆರಳಿನಿಂದ ಎಳೆದು, ಬೆಂಚಿನಿಂದ ಇಳಿದು, ಕೈಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಕೊಂಡ.

ಚಹಾ ಮಾಡಿಕೊಂಡು ಬಾ ಎಂದ. ಮಾಡಿ ತಂದೆ. ಕುಡಿಯಲು ನಾನು ಎಂದಿನಂತೆ ಒಳಗಿನ ದಿವಾನದ ಕಡೆ ಹೊರಟಿದ್ದೆ. ಗಂಡನನ್ನು ಬಿಟ್ಟು ಬಂದಾಗಿನಿಂದ ನಾನು ವರಾಂಡದಲ್ಲಿ ಕೂತದ್ದೇ ಇರಲಿಲ್ಲ. ಅಲ್ಲಿದ್ದದ್ದು ಒಂದೇ ಕುರ್ಚಿ, ಅವನದು. ಅಪ್ಪ ನನ್ನನ್ನು ತಡೆದು, ಲೋಟಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಕಟ್ಟೆಯ ಮೇಲಿಟ್ಟ. ಒಳಗೆ ಹೋಗಿ ಇನ್ನೊಂದು ಕುರ್ಚಿ ಹೊತ್ತು ತಂದು, ರಸ್ತೆಗೆ ಮುಖ ಮಾಡಿ ಹಾಕಿದ.